ಆ ಗಾಜನ್ನು ಒರೆಸುವವರು ಎಲ್ಲಿ ನಿಲ್ಲುತ್ತಾರೆ?

ಆರ್ಕಿಟೆಕ್ಚರ್, ಇಂಟೀರಿಯರ್, ಪ್ರಾಡಕ್ಟ್ ಡಿಸೈನ್ ಓದುವ ಮಕ್ಕಳಿಗೆ ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ಅನ್ನುವ ವಿಷಯ ಸಾಮಾನ್ಯವಾಗಿ ಸಿಗುವುದು ಕೋರ್ಸಿನ ಕೊನೆಗೆ. ಅಷ್ಟು ಹೊತ್ತಿಗೆ ಅವರು ಎಷ್ಟೋ ಕಟ್ಟಡಗಳನ್ನು ಡಿಸೈನ್ ಮಾಡಿ ಮುಗಿಸಿರುತ್ತಾರೆ. ಕಾಂಟ್ರಾಕ್ಟು, ಟೆಂಡರು, ಫೀಸು ಇವುಗಳ ಮಧ್ಯೆ ಇದಕ್ಕೂ ಒಂದೆರಡು ತರಗತಿ. ಸ್ಲೈಡಿನಲ್ಲಿ ಹಳದಿ ಹೆಲ್ಮೆಟ್, ಬೂಟು, ಸೇಫ್ಟಿ ಬೆಲ್ಟು. ಅದನ್ನು ನೋಡಿದ ವಿದ್ಯಾರ್ಥಿಗೆ ಇದು ಕಾಂಟ್ರಾಕ್ಟರ್ ನೋಡಿಕೊಳ್ಳಬೇಕಾದದ್ದು, ನನಗೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ನಾನು ಇದೇ ವಿಷಯ ಕಲಿಸುತ್ತೇನೆ. ಇಷ್ಟಪಟ್ಟು ಕಲಿಸುತ್ತೇನೆ. ಕಲಿಸುತ್ತಾ ಕಲಿಸುತ್ತಾ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ. ಇದನ್ನು ಬೇರೆ ಪೇಪರ್ ಮಾಡಿ ಕಲಿಸಿದರೆ ಪರೀಕ್ಷೆ ಪಾಸಾಗುತ್ತಾರೆ, ಡಿಸೈನ್ ಮಾಡುವ ರೀತಿ ಬದಲಾಗುವುದಿಲ್ಲ. ಸ್ಟುಡಿಯೋದ, ಅಂದರೆ ಡಿಸೈನ್ ಮಾಡುವ ತರಗತಿಯ, ಮೇಜಿನ ಮೇಲೆ, ಟ್ರೇಸಿಂಗ್ ಪೇಪರಿನಲ್ಲಿ ಗೆರೆ ಇನ್ನೂ ಅಳಿಸಲು ಬರುವಾಗಲೇ ಕಲಿಸಬೇಕು. ಯಾರೋ ಒಬ್ಬರು ಆರು ಮೀಟರ್ ಎತ್ತರದಲ್ಲಿ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡಬೇಕಾ ಬೇಡವಾ ಅನ್ನುವುದು ತೀರ್ಮಾನವಾಗುವುದು ಆ ಗೆರೆಯಲ್ಲೇ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಎರಡನೇ ವರ್ಷದ ಹುಡುಗಿಯೊಬ್ಬಳು ಒಂದು ಗ್ರಂಥಾಲಯ ಡಿಸೈನ್ ಮಾಡಿದ್ದಳು. ಮಧ್ಯದಲ್ಲಿ ಎರಡು ಮಹಡಿ ಎತ್ತರದ ಓದುವ ಹಾಲ್, ಮೇಲೆ ಉದ್ದಕ್ಕೂ ಗಾಜಿನ ಚಾವಣಿ, ಅದರ ಕೆಳಗೆ ಸಾಲಾಗಿ ತೂಗುವ ದೀಪಗಳು. ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿದ ಹಾಗೆ ಒಳಗನ್ನು ತೋರಿಸುವ ಡ್ರಾಯಿಂಗ್, ನಿಜವಾಗಿಯೂ ಚೆನ್ನಾಗಿತ್ತು. ಬೆಳಕು ಮೇಲಿನಿಂದ ಇಳಿಯುವ ರೀತಿಯನ್ನು ಪೆನ್ಸಿಲ್ ಶೇಡಿಂಗ್‌ನಲ್ಲಿ ಪ್ರೀತಿಯಿಂದ ತೋರಿಸಿದ್ದಳು. ಸೆಕ್ಷನ್ನಿನಲ್ಲಿ ಜನರೂ ಇದ್ದರು. ನೆಲದ ಮೇಲೆ ಕೂತು ಓದುವ ಮಗು, ಕಿಟಕಿ ಪಕ್ಕ ಒಬ್ಬ ಅಜ್ಜ, ಮೆಟ್ಟಿಲ ಹತ್ತಿರ ಮಾತಾಡುತ್ತಾ ನಿಂತ ಇಬ್ಬರು. ನಾನು ಕೇಳಿಕೊಂಡದ್ದು ಇಷ್ಟೇ: "ಇನ್ನೂ ಒಬ್ಬರನ್ನು ಬರಿ. ಈ ಗಾಜನ್ನು ಒರೆಸುವವರು. ಇದೇ ಸ್ಕೇಲಿನಲ್ಲಿ, ಕೈಯಲ್ಲಿ ಬಕೆಟ್ ಸಮೇತ."

ಬರೆಯಲು ಹೊರಟಳು. ಪೆನ್ಸಿಲ್ ಗಾಜಿನ ಗೆರೆಯ ಮೇಲೆ ಬಂದು ನಿಂತಿತು. "ಮೇಡಂ, ಇವರನ್ನು ಎಲ್ಲಿ ನಿಲ್ಲಿಸೋದು?" ಅಂದಳು.

ಗಾಜಿನ ಮೇಲೆ ನಿಲ್ಲಬಹುದಾ? ಮನುಷ್ಯನ ಭಾರ ತಡೆಯಬೇಕು ಅಂತ ಲೆಕ್ಕ ಹಾಕಿ ಮಾಡದ ರೂಫ್‌ಲೈಟ್ (ಬೆಳಕಿಗೆಂದು ಚಾವಣಿಯಲ್ಲಿ ಕೂರಿಸಿದ ಗಾಜು ಅಥವಾ ಪ್ಲಾಸ್ಟಿಕ್) ಮೇಲೆ ಯಾರೂ ಕಾಲಿಡಬಾರದು. ಹಳೆಯ ಪ್ಲಾಸ್ಟಿಕ್ ರೂಫ್‌ಲೈಟ್ ಅಂತೂ ಇನ್ನೂ ಅಪಾಯ. ಬಿಸಿಲಿಗೆ ಪೆಡಸಾಗಿರುತ್ತದೆ, ಧೂಳು ಕೂತು ಸುತ್ತಲಿನ ಶೀಟಿನ ಹಾಗೇ ಕಾಣುತ್ತದೆ, ಮೇಲೆ ಓಡಾಡುವವರಿಗೆ ಅಲ್ಲೊಂದು ರೂಫ್‌ಲೈಟ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಸರಿ, ಪಕ್ಕದ ಸ್ಲ್ಯಾಬಿನ ಮೇಲೆ ನಿಂತು ಕೈ ಚಾಚಬಹುದಾ? ಗಾಜು ನಾಲ್ಕು ಮೀಟರ್ ಅಗಲ ಇದೆ, ಕೈ ಒಂದು ಮೀಟರ್ ಕೂಡ ಇಲ್ಲ. ಹಾಗಾದ್ರೆ ಉದ್ದನೆಯ ಕೋಲು? ಕೋಲಿನಲ್ಲಿ ಒರೆಸುವವರು ಎದುರಿನ ಗಾಜನ್ನೇ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ, ಹಿಂದೆ ಚಾವಣಿಯ ಅಂಚು. ಅಲ್ಲಿ ಅಂಚಿನ ಗೋಡೆ, ಪ್ಯಾರಾಪೆಟ್, ಎಷ್ಟು ಎತ್ತರ ಅಂತ ಅಳೆದು ನೋಡಿದೆವು. 300 ಮಿಲಿಮೀಟರ್. ಎಲಿವೇಶನ್‌ನಲ್ಲಿ, ಅಂದರೆ ಹೊರಗಿನಿಂದ ಕಾಣುವ ಮುಖದ ಡ್ರಾಯಿಂಗಿನಲ್ಲಿ, ಚಾವಣಿ ತೆಳ್ಳಗೆ ಕಾಣಲಿ ಅಂತ ಹಾಗೆ ಮಾಡಿದ್ದಳು. ಆ ಎತ್ತರದ ಗೋಡೆ ಬೀಳುವವರನ್ನು ತಡೆಯುವುದಿಲ್ಲ, ಕಾಲಿಗೆ ತೊಡರಿ ಬೀಳಿಸುತ್ತದೆ ಅಷ್ಟೇ. ಹಲವು ದೇಶಗಳ ನಿಯಮಗಳು ಕೇಳುವ ತಡೆ ಸುಮಾರು 1.1 ಮೀಟರ್, ಅಂದರೆ ಸೊಂಟಕ್ಕಿಂತ ಮೇಲೆ. ಇನ್ನು ಚಾವಣಿಗೆ ಹೋಗುವುದಾದರೂ ಹೇಗೆ? ಮೆಟ್ಟಿಲು ಮೇಲಿನ ಮಹಡಿಗೇ ಮುಗಿದಿತ್ತು. "ಏಣಿ ಹಾಕ್ಕೊಂಡು ಹತ್ತುತ್ತಾರೆ" ಅಂದಳು, ಅಂದವಳೇ ತಾನು ಬರೆದ ಬಕೆಟ್ ನೋಡಿ ಸುಮ್ಮನಾದಳು.

ದೀಪಗಳ ಕಥೆಯೂ ಇದೇ. ಒಂದು ದೀಪ ಕೆಟ್ಟರೆ ಬದಲಿಸಲು ಚಕ್ರದ ಟವರ್ (ತಳ್ಳಿಕೊಂಡು ಹೋಗುವ ಅಟ್ಟಣೆ) ಬೇಕು, ಟವರ್ ಒಳಗೆ ಬರಬೇಕಾದರೆ ಬಾಗಿಲು ಅಷ್ಟು ಅಗಲ ಇರಬೇಕು, ಅದು ನಿಲ್ಲಬೇಕಾದರೆ ಕೆಳಗೆ ಸಮತಟ್ಟಾದ ಜಾಗ ಬೇಕು. ಅವಳ ಓದುವ ಮೇಜುಗಳೋ ನೆಲಕ್ಕೆ ಬಿಗಿದ ಕಲ್ಲಿನ ಮೇಜುಗಳು. ಅಂದರೆ ಆ ದೀಪ ಬದಲಿಸುವವರು ಮೇಜಿನ ಮೇಲೆ ಏಣಿ ಇಡುತ್ತಾರೆ. ಬೇರೆ ದಾರಿಯನ್ನು ಡ್ರಾಯಿಂಗ್ ಬಿಟ್ಟೇ ಇಲ್ಲ.

ಮುಂದಿನ ವಾರ ಅವಳು ತಂದ ಸೆಕ್ಷನ್ ಬೇರೆಯೇ ಆಗಿತ್ತು. ಹಾಲಿನ ಮೇಲಿನ ಚಾವಣಿಯನ್ನು ಗಟ್ಟಿ ಸ್ಲ್ಯಾಬ್ ಮಾಡಿ ಎತ್ತರಿಸಿದ್ದಳು, ಗಾಜನ್ನು ಅದರ ಎರಡು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ್ದಳು, ಗಾಜಿನ ಪಕ್ಕದಲ್ಲೇ ನಡೆದುಹೋಗುವಷ್ಟು ಅಗಲದ ದಾರಿ, ಆ ದಾರಿಯ ಅಂಚಿಗೆ ಸರಿಯಾದ ಎತ್ತರದ ಪ್ಯಾರಾಪೆಟ್. ಮೆಟ್ಟಿಲು ಚಾವಣಿಯವರೆಗೂ ಹೋಗಿತ್ತು. ದೀಪಗಳು ಮೇಲಿನ ಮಹಡಿಯ ರೇಲಿಂಗ್ ಪಕ್ಕಕ್ಕೆ ಬಂದಿದ್ದವು, ನೆಲದ ಮೇಲೆ ನಿಂತೇ ಕೈಗೆ ಸಿಗುವ ಹಾಗೆ. ಬಕೆಟ್ ಹಿಡಿದ ಮನುಷ್ಯ ಈಗ ಆರಾಮಾಗಿ ನಿಂತಿದ್ದ. ಜೊತೆಗೆ ಇನ್ನೊಂದು ಆಗಿತ್ತು. ನೇರ ಬಿಸಿಲು ಪುಸ್ತಕಗಳ ಮೇಲೆ ಬೀಳುವುದು ತಪ್ಪಿ, ಹಾಲಿನಲ್ಲಿ ಮೊದಲಿಗಿಂತ ಹಿತವಾದ ಬೆಳಕು ಬಂದಿತ್ತು. ಪ್ರತಿ ಸಲವೂ ಹೀಗೆ ಎರಡೂ ಕೂಡಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಸಲ ಬರುತ್ತದೆ.

ಅಪಾಯವನ್ನು ತಡೆಯುವ ಕ್ರಮಗಳಿಗೆ ಒಂದು ಸಾಲು ಇದೆ, ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಮೊದಲು ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ ನೋಡು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಅದರ ಜಾಗಕ್ಕೆ ತಾ. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ಮಧ್ಯೆ ಏನಾದರೂ ಕಟ್ಟು, ತಡೆಗೋಡೆಯೋ, ಧೂಳು ಎಳೆಯುವ ಫ್ಯಾನೋ. ಆಮೇಲೆ ನಿಯಮ, ತರಬೇತಿ, ಬೋರ್ಡು. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್, ಬೆಲ್ಟು, ಮಾಸ್ಕು. ಕೊನೆಯದು ಯಾಕೆ ಕೊನೆಯದು ಅಂದರೆ, ಅದು ಕೆಲಸ ಮಾಡಬೇಕಾದರೆ ಆ ಮನುಷ್ಯ ಪ್ರತಿ ದಿನ, ಪ್ರತಿ ಕ್ಷಣ, ಸುಸ್ತಾದಾಗಲೂ ಸೆಖೆಯಾದಾಗಲೂ ಸರಿಯಾಗಿ ಹಾಕಿಕೊಂಡಿರಬೇಕು. ವಿದ್ಯಾರ್ಥಿಗಳು ಈ ಸಾಲನ್ನು ತಲೆಕೆಳಗಾಗಿ ಶುರುಮಾಡುತ್ತಾರೆ. ಯಾವ ಅಪಾಯ ತೋರಿಸಿದರೂ ಮೊದಲು ಬರುವ ಉತ್ತರ "ಬೆಲ್ಟ್ ಹಾಕ್ಕೊಳ್ಳಬೇಕು". ಅವರನ್ನು ದೂರಿ ಏನೂ ಪ್ರಯೋಜನವಿಲ್ಲ, ನಮ್ಮ ಸ್ಲೈಡುಗಳು ಕಲಿಸಿದ್ದೇ ಅದನ್ನು. ಸಾಲಿನ ಮೇಲಿನ ತುದಿ ಇರುವುದು ಡಿಸೈನ್ ಮಾಡುವವರ ಕೈಯಲ್ಲಿ. ಸೈಟಿನಲ್ಲಿ ನಿಂತಿರುವ ಮೇಸ್ತ್ರಿಗೆ ಚಾವಣಿಯ ಗಾಜನ್ನು ಗೋಡೆಗೆ ತರಲು ಆಗುವುದಿಲ್ಲ.

ಇದು ಬರೀ ನನ್ನ ಅನಿಸಿಕೆಯಲ್ಲ. ಮೈಕಲ್ ಬೆಹ್ಮ್ ಎಂಬ ಸಂಶೋಧಕ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಕಟ್ಟಡ ಕೆಲಸದ 224 ಸಾವುಗಳ ವರದಿಗಳನ್ನು ಒಂದೊಂದಾಗಿ ನೋಡಿದರು. ಅವುಗಳಲ್ಲಿ ಶೇಕಡಾ 42ರಷ್ಟು ಸಾವುಗಳಿಗೆ ಡಿಸೈನ್ ಹಂತದಲ್ಲೇ ಸುರಕ್ಷತೆಯನ್ನು ಯೋಚಿಸುವುದಕ್ಕೂ ನಂಟು ಇತ್ತು. ಈ ಅಂಕಿಯನ್ನು ತರಗತಿಯಲ್ಲಿ ಹೇಳಿದಾಗ ಯಾರೋ ಒಬ್ಬರು ಖಂಡಿತ ಕೇಳುತ್ತಾರೆ, "ಹಾಗಾದ್ರೆ ಆ ಸಾವುಗಳಿಗೆ ಆರ್ಕಿಟೆಕ್ಟೇ ಕಾರಣನಾ?" ಹಾಗಲ್ಲ. ಒಂದು ಸಾವಿನ ಹಿಂದೆ ಹಲವು ಕಾರಣ ಇರುತ್ತವೆ. ಅದರಲ್ಲಿ ಒಂದು ಎಳೆ ನಮ್ಮ ಮೇಜಿನಿಂದ ಹೊರಟಿದ್ದರೆ, ಆ ಎಳೆಯನ್ನು ಮೊದಲೇ ಕತ್ತರಿಸಬಹುದಿತ್ತು ಅನ್ನುವುದಷ್ಟೇ ಮಾತು. ಯುರೋಪಿನಲ್ಲಿ 1992ರ ನಿರ್ದೇಶನ, ಬ್ರಿಟನ್ನಿನಲ್ಲಿ 1994ರ ನಿಯಮಗಳು ಈ ಮಾತನ್ನು ಕಾನೂನಾಗಿಯೇ ಬರೆದವು. ಬ್ರಿಟನ್ನಿನ ನಿಯಮಗಳು 2015ರಲ್ಲಿ ಮತ್ತೆ ಬದಲಾದಾಗ, ಒಂದಕ್ಕಿಂತ ಹೆಚ್ಚು ಕಾಂಟ್ರಾಕ್ಟರ್ ಇರುವ ಕೆಲಸದಲ್ಲಿ ಡಿಸೈನ್ ಹಂತದ ಸುರಕ್ಷತೆಯನ್ನು ನೋಡಿಕೊಳ್ಳುವ ಹೊಣೆ ಡಿಸೈನರ್ ಒಬ್ಬರ ಹೆಗಲಿಗೇ ಬಂತು. ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಕಾನೂನು ಇಲ್ಲದ ಕಡೆಯೂ ಗುರುತ್ವಾಕರ್ಷಣೆ ಇದೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ಗೋಲ್ಡನ್ ಗೇಟ್ ಸೇತುವೆಯ ಬಲೆಯ ಬಗ್ಗೆಯೂ ಹೇಳುತ್ತೇನೆ. 1930ರ ದಶಕದಲ್ಲಿ ಅದನ್ನು ಕಟ್ಟುವಾಗ ಕೆಲಸಗಾರರ ಕೆಳಗೆ ಉದ್ದಕ್ಕೂ ಬಲೆ ಕಟ್ಟಿದ್ದರು. ಬಿದ್ದ 19 ಜನ ಆ ಬಲೆಯಿಂದ ಉಳಿದರು. ಆದರೆ 1937ರ ಫೆಬ್ರವರಿ 17ರಂದು ಕೆಲಸದ ಅಟ್ಟಣೆಯೊಂದು ಕಳಚಿ ಬಲೆಯ ಮೇಲೆ ಬಿತ್ತು, ಬಲೆ ಹರಿಯಿತು, 10 ಜನ ಸತ್ತರು. ಬಲೆ ಒಳ್ಳೆಯದೇ. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೂ ಬಲೆ ಬೀಳುವವರನ್ನು ಹಿಡಿಯುತ್ತದೆ, ಬೀಳುವುದನ್ನು ತಪ್ಪಿಸುವುದಿಲ್ಲ. ಸಾಲಿನಲ್ಲಿ ಯಾವುದು ಎಲ್ಲಿ ನಿಲ್ಲುತ್ತದೆ ಅನ್ನುವುದು ಇಂಥ ಕಡೆ ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಇಂಟೀರಿಯರ್ ಓದುವವರು ಇದೆಲ್ಲ ಕಟ್ಟಡದವರಿಗೆ, ನಮಗಲ್ಲ ಅಂದುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರಿಗೆ ನಾನು ಒಂದು ಫ್ಲೋರ್ ಪ್ಲಾನ್ ಕೊಡುತ್ತೇನೆ, ಯಾವುದು ಅಂತ ಹೇಳುವುದಿಲ್ಲ. ಹೊಲಿಗೆ ಯಂತ್ರಗಳ ಉದ್ದುದ್ದ ಮೇಜುಗಳು, ಮಧ್ಯೆ ಕುರ್ಚಿಗಳು, ಎರಡು ಕಡೆ ಮೆಟ್ಟಿಲು, ಲಿಫ್ಟು, ಹೊರಗೋಡೆಗೆ ಕಬ್ಬಿಣದ ಏಣಿಮೆಟ್ಟಿಲು. ಗೋಡೆ ಕಡೆಯ ಕುರ್ಚಿಯಲ್ಲಿ ಕೂತವಳು ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗುತ್ತಾಳೆ, ಬೆರಳಲ್ಲಿ ದಾರಿ ತೋರಿಸಿ ಅನ್ನುತ್ತೇನೆ. ಬೆರಳು ಮೇಜಿನ ಉದ್ದಕ್ಕೂ ಹೋಗಿ ತಿರುಗಿ ಒಂದು ಮೆಟ್ಟಿಲ ಹತ್ತಿರ ಬರುತ್ತದೆ. ಆ ಬಾಗಿಲಿಗೆ ಬೀಗ ಹಾಕಿದೆ ಅನ್ನುತ್ತೇನೆ. ಬೆರಳು ಹೊರಗಿನ ಏಣಿಮೆಟ್ಟಿಲಿಗೆ ಹೋಗುತ್ತದೆ. ಅದು ಜನರ ಭಾರಕ್ಕೆ ಕಳಚಿ ಬಿತ್ತು ಅನ್ನುತ್ತೇನೆ. ಬೆಂಕಿ ಆರಿಸುವವರ ಏಣಿ ಬರುತ್ತದೆ ಅಂತ ಒಬ್ಬರು ಹೇಳುತ್ತಾರೆ. ಆ ಏಣಿ ಆರನೇ ಮಹಡಿಯ ಹತ್ತಿರ ನಿಂತಿತು, ಇವರಿದ್ದದ್ದು ಒಂಬತ್ತರಲ್ಲಿ. ಅಷ್ಟಾದ ಮೇಲೆ ಹೆಸರು ಹೇಳುತ್ತೇನೆ: ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆ, 1911ರ ಮಾರ್ಚ್ 25. ಸತ್ತವರು 146 ಜನ, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಕಟ್ಟಡಕ್ಕೆ ಏನಾಯ್ತು ಅಂತ ಕೇಳುತ್ತಾರೆ. ಕಟ್ಟಡಕ್ಕೆ ಏನೂ ಆಗಲಿಲ್ಲ. ಬೆಂಕಿಗೆ ಜಗ್ಗದ ಕಟ್ಟಡ ಅಂತಲೇ ಅದನ್ನು ಕಟ್ಟಿದ್ದರು, ಅದು ಜಗ್ಗಲೂ ಇಲ್ಲ. ಈಗಲೂ ಇದೆ, ವಿಶ್ವವಿದ್ಯಾಲಯವೊಂದು ಅದನ್ನು ಬಳಸುತ್ತಿದೆ. ಇದಾದ ಮೇಲೆ ಅವರು ಪೀಠೋಪಕರಣದ ಲೇಔಟ್ ಮಾಡುವಾಗ ಮೇಜಿನ ಕೊನೆಯಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ನಾನು ನೆನಪಿಸಬೇಕಾಗಿಲ್ಲ.

ಇನ್ನು ವಸ್ತುಗಳ ಆಯ್ಕೆ. ಇದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಯಾಕಂದ್ರೆ ಇಲ್ಲಿ ಡಿಸೈನರ್ ಒಂದು ಸಾಲು ಬರೆದರೆ ಸಾಕು, ಅದು ಯಾರದೋ ಎದೆಯೊಳಗೆ ಹೋಗಿ ಕೂರುತ್ತದೆ. ಅಡುಗೆಮನೆ ಕಟ್ಟೆಗೆ ಬಳಸುವ ಕೃತಕ ಕಲ್ಲು ಗೊತ್ತಲ್ಲ, ಕ್ವಾರ್ಟ್ಜ್ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಒತ್ತಿ ಮಾಡಿದ್ದು. ನೋಡಲು ಚೆಂದ, ಕಲೆ ಹಿಡಿಯುವುದಿಲ್ಲ, ಎಲ್ಲಾ ಬಣ್ಣದಲ್ಲೂ ಸಿಗುತ್ತದೆ. ಕೆಲವು ಬಗೆಗಳಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಗ್ರಾನೈಟಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ, ಮಾರ್ಬಲ್‌ನಲ್ಲಿ ಇನ್ನೂ ಕಡಿಮೆ. ಕಟ್ಟೆಯಾಗಿ ಕೂತ ಮೇಲೆ ಅದರಿಂದ ಅಡುಗೆ ಮಾಡುವವರಿಗೆ ತೊಂದರೆ ಇಲ್ಲ. ತೊಂದರೆ ಅದನ್ನು ಕತ್ತರಿಸುವಾಗ, ಸಿಂಕಿಗೆ ತೂತು ಹೊಡೆಯುವಾಗ, ಅಂಚು ಉಜ್ಜುವಾಗ. ನೀರು ಹಾಕದೆ ಒಣಗಿದ್ದಾಗಲೇ ಕತ್ತರಿಸಿದರೆ ಏಳುವ ಬಿಳಿ ಧೂಳು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಅಲ್ಲಿ ಗಾಯವಾಗಿ, ಗಾಯ ಗಂಟಾಗಿ, ಶ್ವಾಸಕೋಶ ಪೆಡಸಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗುವುದಿಲ್ಲ. ಈ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು.

ಹಿಂದೆಲ್ಲ ಸಿಲಿಕೋಸಿಸ್ ಅಂದರೆ ಗಣಿಯಲ್ಲಿ ವರ್ಷಗಟ್ಟಲೆ ದುಡಿದ ವಯಸ್ಸಾದವರ ಕಾಯಿಲೆ ಅನ್ನುತ್ತಿದ್ದರು. ಕೃತಕ ಕಲ್ಲು ಬಂದ ಮೇಲೆ ಮೂವತ್ತು, ನಲವತ್ತರ ಪ್ರಾಯದವರಿಗೆ ಬರತೊಡಗಿತು. ಹಲವು ದೇಶಗಳಲ್ಲಿ ವೈದ್ಯರು ಇದನ್ನು ಗಮನಿಸಿ ಬರೆದರು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನು ತಯಾರಿಸುವುದು, ಸರಬರಾಜು ಮಾಡುವುದು, ಕತ್ತರಿಸುವುದು, ಕೂರಿಸುವುದು ಎಲ್ಲವನ್ನೂ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಅಲ್ಲಿ ನೀರು ಹಾಕಿ ಕತ್ತರಿಸಿ, ಮಾಸ್ಕ್ ಹಾಕಿ ಅನ್ನುವ ನಿಯಮ ಇರಲಿಲ್ಲ ಅಂತಲ್ಲ. ಇತ್ತು. ಸಾಲದಾಯಿತು. ಸಾಲಿನ ಕೆಳಗಿನ ತುದಿಯಲ್ಲಿ ಗೆಲ್ಲಲಾಗದೆ ಮೇಲಿನ ತುದಿಗೆ ಬಂದರು, ಅಪಾಯವನ್ನೇ ತೆಗೆದುಹಾಕಿದರು.

ತರಗತಿಯಲ್ಲಿ ನಾನು ಈ ಕಲ್ಲಿನ ಒಂದು ಸಣ್ಣ ಸ್ಯಾಂಪಲ್ ಮೇಜಿನ ಮೇಲಿಡುತ್ತೇನೆ. ಎಲ್ಲರೂ ಮುಟ್ಟಿ ನೋಡುತ್ತಾರೆ, ನುಣುಪಾಗಿದೆ ಅನ್ನುತ್ತಾರೆ. ಹಿಂದಿನ ಸ್ಟುಡಿಯೋದಲ್ಲಿ ಅವರೇ ಮಾಡಿದ ಫಿನಿಶ್ ಶೆಡ್ಯೂಲ್ (ಎಲ್ಲಿ ಯಾವ ವಸ್ತು ಅನ್ನುವ ಪಟ್ಟಿ) ತೆಗೆದು, ಎಷ್ಟು ಕಡೆ ಇದನ್ನು ಬರೆದಿದ್ದೀರಿ ನೋಡಿ ಅನ್ನುತ್ತೇನೆ. ಆಮೇಲೆ ಒಂದು ಕೆಲಸ: ಪ್ರತಿ ವಸ್ತುವಿನ ಮುಂದೆ ಇನ್ನೊಂದು ಕಾಲಂ ಹಾಕಿ, ಇದನ್ನು ಯಾರು ಕತ್ತರಿಸುತ್ತಾರೆ, ಎಲ್ಲಿ, ಯಾವುದರಿಂದ, ಅವರ ಮೂಗಿಗೆ ಏನು ಹೋಗುತ್ತದೆ ಅಂತ ತುಂಬಿ ತರಬೇಕು. ಗೊತ್ತಿಲ್ಲದಿದ್ದರೆ ತಯಾರಕರ ಸುರಕ್ಷತಾ ಮಾಹಿತಿ ಪತ್ರ ಓದಬೇಕು, ಅದರಲ್ಲೂ ಸಿಗದಿದ್ದರೆ ಆ ಕೆಲಸ ಮಾಡುವವರನ್ನೇ ಹೋಗಿ ಕೇಳಬೇಕು. ಕೊನೆಯದೇ ಅತಿ ಒಳ್ಳೆಯ ಪಾಠ ಅನ್ನುವುದು ನನ್ನ ಅನುಭವ. ಕಲ್ಲು ಕತ್ತರಿಸುವವರ ಜೊತೆ ಒಮ್ಮೆ ಮಾತಾಡಿ ಬಂದ ಹುಡುಗನಿಗೆ ಮತ್ತೆ ಶೆಡ್ಯೂಲ್ ಬರೆಯುವಾಗ ಒಂದು ಮುಖ ನೆನಪಾಗುತ್ತದೆ.

ಇಷ್ಟೆಲ್ಲ ಹೊರಗಿನವರ ದೇಹದ ಬಗ್ಗೆ ಆಯ್ತು. ಸ್ಟುಡಿಯೋದಲ್ಲಿ ಕೂತವರ ದೇಹ?

ವಿದ್ಯಾರ್ಥಿಯ ಮೊದಲ ಕೆಲಸದ ಜಾಗ ಕಾಲೇಜಿನ ಸ್ಟುಡಿಯೋ ಮತ್ತು ವರ್ಕ್‌ಶಾಪ್. ಅಲ್ಲಿ ಏನನ್ನು ಸಹಜ ಅಂತ ಒಪ್ಪಿಕೊಳ್ಳುತ್ತಾರೋ ಅದನ್ನೇ ಸೈಟಿಗೂ ಆಫೀಸಿಗೂ ಹೊತ್ತುಕೊಂಡು ಹೋಗುತ್ತಾರೆ. ಅದಕ್ಕೇ ನಾನು ಮೊದಲ ವಾರವೇ ಕಟರ್‌ನಿಂದ ಶುರುಮಾಡುತ್ತೇನೆ. ಮೊಂಡಾದ ಬ್ಲೇಡಿಗೆ ಜಾಸ್ತಿ ಒತ್ತಬೇಕಾಗುತ್ತದೆ, ಜಾಸ್ತಿ ಒತ್ತಿದ ಕೈ ಜಾರಿದಾಗ ತಡೆಯಲು ಆಗುವುದಿಲ್ಲ. ದಪ್ಪ ಬೋರ್ಡನ್ನು ಒಂದೇ ಏಟಿಗೆ ಕತ್ತರಿಸಬೇಡ, ಹಗುರಾಗಿ ನಾಲ್ಕೈದು ಸಲ ಎಳೆ. ಸ್ಕೇಲ್ ಹಿಡಿದ ಕೈಬೆರಳು ಬ್ಲೇಡಿನ ದಾರಿಯಲ್ಲಿ ಇರಬಾರದು. ಮುರಿದ ಬ್ಲೇಡಿಗೆ ಒಂದು ಮುಚ್ಚಳದ ಡಬ್ಬ ಇರಲಿ, ಸುಮ್ನೆ ಕಸದ ಬುಟ್ಟಿಗೆ ಹಾಕಿದರೆ ಅದು ಬೆಳಿಗ್ಗೆ ಕಸ ಎತ್ತುವವರ ಕೈಗೆ ಚುಚ್ಚುತ್ತದೆ. ಈ ಕೊನೆಯ ಮಾತಿನಲ್ಲಿ ನನ್ನ ಇಡೀ ಪಾಠ ಇದೆ ಅನ್ನಬಹುದು.

ಲೇಸರ್ ಕಟರ್‌ಗೆ ಪಿವಿಸಿ ಹಾಳೆ ಹಾಕಬಾರದು. ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಒದ್ದೆ ತಾಗಿದಲ್ಲಿ ಆಮ್ಲವಾಗುತ್ತದೆ, ಗಂಟಲನ್ನೂ ಸುಡುತ್ತದೆ, ಯಂತ್ರವನ್ನೂ ತಿನ್ನುತ್ತದೆ. ಹೆಸರಿಲ್ಲದ ಪ್ಲಾಸ್ಟಿಕ್ ಹಾಳೆ ತಂದವರಿಗೆ ಯಂತ್ರ ಇಲ್ಲ, ಅಷ್ಟೇ. ರೆಸಿನ್ ಪ್ರಿಂಟರಿನ ಗಟ್ಟಿಯಾಗದ ರೆಸಿನ್ ಬರಿಗೈಗೆ ತಾಗುತ್ತಾ ಹೋದರೆ ಚರ್ಮಕ್ಕೆ ಅಲರ್ಜಿ ಹತ್ತುತ್ತದೆ, ಹತ್ತಿದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಮರದ ಧೂಳೂ ಆ ಕ್ಯಾನ್ಸರ್ ಪಟ್ಟಿಯಲ್ಲಿದೆ ಅಂದಾಗ ಎಲ್ಲರೂ ಬೆಚ್ಚುತ್ತಾರೆ, ಮರ ಅಂದರೆ ನೈಸರ್ಗಿಕ ಅಲ್ವಾ ಅಂತ.

ಆದರೆ ಸ್ಟುಡಿಯೋದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ನಿದ್ದೆ. ಡಿಸೈನನ್ನು ಪರೀಕ್ಷಕರ ಮುಂದಿಡುವ ಜ್ಯೂರಿಯ ಹಿಂದಿನ ರಾತ್ರಿ ನಿದ್ದೆಗೆಡುವುದು ಈ ಓದಿನ ಒಂದು ಆಚರಣೆಯೇ ಆಗಿಬಿಟ್ಟಿದೆ. ಎರಡು ರಾತ್ರಿ ಮಲಗಿಲ್ಲ ಅನ್ನುವುದನ್ನು ಹೆಮ್ಮೆಯಿಂದ ಹೇಳುತ್ತಾರೆ, ಮೇಷ್ಟ್ರುಗಳೂ ಮೆಚ್ಚುಗೆಯಿಂದ ತಲೆಯಾಡಿಸುತ್ತಾರೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಸತತ 17 ಗಂಟೆ ಎಚ್ಚರ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಸುಮಾರು 0.1ರ ಮಟ್ಟಕ್ಕೆ. ಕುಡಿದವರಿಗೆ ನಾವು ಬ್ಯಾಂಡ್ ಸಾ (ಯಂತ್ರದ ಗರಗಸ) ಮುಟ್ಟಲು ಬಿಡುವುದಿಲ್ಲ, ಗಾಡಿಯ ಕೀಲಿಯನ್ನೂ ಕೊಡುವುದಿಲ್ಲ. ರಾತ್ರಿಯೆಲ್ಲ ಎದ್ದವರಿಗೆ ಎರಡನ್ನೂ ಕೊಟ್ಟು, ಬೆಳಿಗ್ಗೆ ಒಂಬತ್ತಕ್ಕೆ ಮಾಡೆಲ್ ಮುಗಿಸಿ ತಾ ಅನ್ನುತ್ತೇವೆ.

ಇದು ಬರೀ ಬೆರಳು ಕೊಯ್ದುಕೊಳ್ಳುವ ಪ್ರಶ್ನೆಯಲ್ಲ. ಒಳ್ಳೆಯ ಕೆಲಸಕ್ಕೆ ದೇಹವನ್ನು ಸವೆಸುವುದೇ ಬೆಲೆ ಅಂತ ಐದು ವರ್ಷ ಕಲಿತವರು, ನಾಳೆ ಒಂದು ಅಂಚು ಚೂಪಾಗಿ ಕಾಣಲಿ ಅಂತ ಇನ್ನೊಬ್ಬರ ದೇಹವನ್ನು ಸವೆಸಲು ಹಿಂದೆಮುಂದೆ ನೋಡುತ್ತಾರಾ? ತನ್ನ ಬೆನ್ನುನೋವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದವರಿಗೆ ಕಲ್ಲು ಹೊರುವವರ ಬೆನ್ನು ಕಾಣುವುದು ಕಷ್ಟ. ಎರಡನ್ನೂ ಒಟ್ಟಿಗೆ ಕಲಿಸಬೇಕು ಅನ್ನುವುದು ನನ್ನ ಹಟ. ಹಾಗಾಗಿ ನನ್ನ ಸ್ಟುಡಿಯೋದಲ್ಲಿ ಸಬ್ಮಿಷನ್ ಜ್ಯೂರಿಯ ಹಿಂದಿನ ದಿನ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಮಾಡೆಲ್ಲು, ಶೀಟು ಎಲ್ಲ ಒಳಗಿಟ್ಟು ಬೀಗ. ಮೊದಮೊದಲು ಗೊಣಗಾಟ ಇತ್ತು. ಈಗ ಜ್ಯೂರಿಯಲ್ಲಿ ಮಕ್ಕಳು ತಮ್ಮ ಡಿಸೈನ್ ಬಗ್ಗೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾರೆ.

ಸುರಕ್ಷತೆಯನ್ನು ಡಿಸೈನಿನ ಜೊತೆಗೇ ಕಲಿಸಿದರೆ ಸೃಜನಶೀಲತೆ ಕುಗ್ಗುತ್ತದೆ ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಎರಡನೇ ವರ್ಷದವರಿಗೆ ರೆಕ್ಕೆ ಬಿಚ್ಚಲು ಬಿಡಿ, ನಿಯಮಗಳನ್ನು ಆಫೀಸಿಗೆ ಹೋದ ಮೇಲೆ ಕಲಿಯುತ್ತಾರೆ ಅಂತ. ನನಗೆ ಆ ಕಾಳಜಿ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಮಳೆ, ಬಿಸಿಲು, ಇಳಿಜಾರು ಇವೆಲ್ಲ ಮೊದಲ ದಿನದಿಂದಲೇ ಡಿಸೈನಿನ ಒಳಗೆ ಇರುತ್ತವೆ, ಯಾರೂ ಅವುಗಳನ್ನು ನಿಯಮ ಅನ್ನುವುದಿಲ್ಲ. ಕಟ್ಟುವ, ಒರೆಸುವ, ರಿಪೇರಿ ಮಾಡುವ ಮನುಷ್ಯರು ಮಾತ್ರ ಯಾಕೆ ಆಮೇಲೆ ಬರಬೇಕು? ಕಟ್ಟುವ ಕ್ರಮ ಯೋಚಿಸಿದವರ ಕಟ್ಟಡದಲ್ಲಿ ಜೋಡಣೆಗಳು ಸ್ಪಷ್ಟವಾಗಿರುತ್ತವೆ, ಡಕ್ಟ್ ಒಳಗೆ ಪ್ಲಂಬರ್ ನಿಲ್ಲುವಷ್ಟು ಜಾಗ ಇರುತ್ತದೆ, ಬೀಮನ್ನು ನೆಲದ ಮೇಲೇ ಜೋಡಿಸಿ ಎತ್ತಬಹುದಾ ಅನ್ನುವ ಪ್ರಶ್ನೆ ಚಾವಣಿಯ ಆಕಾರವನ್ನೇ ಬದಲಿಸುತ್ತದೆ. ನನ್ನ ಮಟ್ಟಿಗೆ ಇದೆಲ್ಲ ಡಿಸೈನ್.

ಅಂಕದ ಮಾತನ್ನೂ ಹೇಳಬೇಕು. ಅಂಕ ಇಲ್ಲದ್ದನ್ನು ಯಾರೂ ಮಾಡುವುದಿಲ್ಲ. ಬೇರೆ ರಿಪೋರ್ಟ್ ಬರೆಸಿದರೆ ಹಿಂದಿನ ಬ್ಯಾಚಿನ ರಿಪೋರ್ಟ್ ಹೆಸರು ಬದಲಾಗಿ ಬರುತ್ತದೆ. ಅದಕ್ಕೆ ನಾನು ಸೆಕ್ಷನ್ ಡ್ರಾಯಿಂಗಿಗೇ ಅಂಕ ಇಟ್ಟಿದ್ದೇನೆ. ಕೆಲಸ ಮಾಡುವ ಮನುಷ್ಯರು ಅದರಲ್ಲಿ ಕಾಣಬೇಕು. ಡಿಸೈನಿನಲ್ಲಿ ತೆಗೆಯಲು ಆಗದೆ ಉಳಿದ ಅಪಾಯಗಳನ್ನು ಡ್ರಾಯಿಂಗಿನ ಮೇಲೆ ಆ ಜಾಗದಲ್ಲೇ ಒಂದೆರಡು ಸಾಲಿನಲ್ಲಿ ಬರೆಯಬೇಕು. "ಎಚ್ಚರಿಕೆಯಿಂದ ಕೆಲಸ ಮಾಡಿ" ಅಂತ ಬರೆದರೆ ಸೊನ್ನೆ. "ಈ ಗಾಜಿನ ಒಂದು ಹಲಗೆ 180 ಕೆಜಿ, ಒಳಗಿನಿಂದ ಕೂರಿಸಲು ಬರುವುದಿಲ್ಲ, ಕ್ರೇನ್ ಇಲ್ಲಿ ನಿಲ್ಲಬೇಕು" ಅಂತ ಬರೆದರೆ ಪೂರ್ತಿ. ಜ್ಯೂರಿಗೆ ಆರ್ಕಿಟೆಕ್ಟುಗಳ ಜೊತೆ ಒಬ್ಬ ಎಲೆಕ್ಟ್ರಿಷಿಯನ್ನೋ ಬಡಗಿಯೋ ಬಂದು ಕೂರುತ್ತಾರೆ. ಒಮ್ಮೆ ಬಂದಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಶೀಟಿನ ಮುಂದೆ ತುಂಬಾ ಹೊತ್ತು ನಿಂತಿದ್ದು, "ಇದನ್ನ ಮಾಡ್ದೋರು ಯಾರಪ್ಪಾ, ಮೀಟರ್ ಬೋರ್ಡ್ ಮುಂದೆ ನಿಂತ್ಕೊಳ್ಳೋಕೆ ಜಾಗ ಬಿಟ್ಟಿದ್ದಾರೆ" ಅಂದರು. ಆ ಹುಡುಗನಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಆ ದಿನ ಬೇರೆ ಯಾರಿಂದಲೂ ಸಿಗಲಿಲ್ಲ.

ಕಷ್ಟದ ಭಾಗ ಇರುವುದು ಓದು ಮುಗಿದ ಮೇಲೆ. ಹಳೆಯ ವಿದ್ಯಾರ್ಥಿಗಳು ಮೆಸೇಜ್ ಮಾಡುತ್ತಾರೆ: ಮೇಡಂ, ಆಫೀಸಿನಲ್ಲಿ ಈ ಮಾತು ತೆಗೆದರೆ ಕೆಲಸ ನಿಧಾನ ಮಾಡುತ್ತಿದ್ದೀಯ ಅನ್ನುತ್ತಾರೆ, ಹೊಸಬಳು ನಾನು, ಏನು ಮಾಡಲಿ? ಅವರಿಗೆ ನಾನು ಹೇಳುವುದು, ಆಕ್ಷೇಪ ಅಂತ ಎತ್ತಬೇಡ, ಪ್ರಶ್ನೆಯಾಗಿ ಕೇಳು. "ಸರ್, ಈ ಎಸಿ ಔಟ್‌ಡೋರ್ ಯೂನಿಟ್ ಕೆಟ್ಟರೆ ರಿಪೇರಿಯವರು ಎಲ್ಲಿಂದ ತಲುಪುತ್ತಾರೆ?" ಅಂತ. ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೇಳು, ಬಂದ ಉತ್ತರವನ್ನು ನಡಾವಳಿಯಲ್ಲಿ ಬರೆ. ಬರೆದಿಟ್ಟ ಉತ್ತರಕ್ಕೆ ಜನ ಎರಡನೇ ಸಲ ಯೋಚಿಸುತ್ತಾರೆ. ಇದರಿಂದ ಎಲ್ಲವೂ ಸರಿಹೋಗುವುದಿಲ್ಲ. ಆದರೆ ಒಂದೊಂದು ಕಡೆ ಒಂದು ಬಾಗಿಲು, ಒಂದು ರೇಲಿಂಗ್, ಒಂದು ಮೆಟ್ಟಿಲು ಬಂದಿದೆ ಅಂತ ಫೋಟೋ ಕಳಿಸುತ್ತಾರೆ. ಅವುಗಳನ್ನೆಲ್ಲ ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಹೊಸ ಬ್ಯಾಚಿಗೆ ತೋರಿಸುತ್ತೇನೆ.

ಇಷ್ಟು ದಿನ ನಮ್ಮ ಸ್ಟುಡಿಯೋ ಮುಟ್ಟದೇ ಬಿಟ್ಟ ಒಂದು ಭಾಗ ಇದೆ, ಕೆಡಹುವುದು. ಡಿಸೈನ್ ಮಾಡುವವರು ಕಟ್ಟುವುದನ್ನಾದರೂ ಕಲ್ಪಿಸಿಕೊಳ್ಳುತ್ತಾರೆ, ಕೆಡಹುವುದನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ. ಆದರೆ ಐವತ್ತು ವರ್ಷದ ಮೇಲೆ ಯಾರೋ ಬಂದು ಅದೇ ಸ್ಲ್ಯಾಬಿನ ಮೇಲೆ ನಿಂತು ಅದನ್ನೇ ಒಡೆಯಬೇಕು. ಒಳಗೆ ಬಿಗಿದು ಎಳೆದಿಟ್ಟ ಉಕ್ಕಿನ ಕೇಬಲ್ ಇದ್ದರೆ, ಗೊತ್ತಿಲ್ಲದೆ ಕತ್ತರಿಸಿದಾಗ ಅದು ಸಿಡಿಯುತ್ತದೆ. ಮೇಲಿನ ಕಂಬಗಳ ಭಾರವನ್ನೆಲ್ಲ ಒಂದು ದೊಡ್ಡ ಬೀಮ್ ಹೊತ್ತಿದ್ದರೆ, ಅದನ್ನು ಮೊದಲು ಮುಟ್ಟಿದವರ ತಲೆಯ ಮೇಲೆ ಕಟ್ಟಡ ಬರುತ್ತದೆ. ಹಳೆಯ ಶೀಟು, ಪೈಪಿನ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಇದನ್ನೆಲ್ಲ ಅವರಿಗೆ ಹೇಳುವವರು ಯಾರು? ಬ್ರಿಟನ್ನಿನ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಕಾಂಟ್ರಾಕ್ಟರ್ ಇದ್ದ ಕೆಲಸ ಮುಗಿದ ಮೇಲೆ ಇಂಥ ಮಾಹಿತಿಯ ಕಡತವೊಂದನ್ನು ಮಾಲೀಕರಿಗೆ ಒಪ್ಪಿಸಬೇಕು, ಅದು ಕಟ್ಟಡದ ಜೊತೆಗೇ ಇರಬೇಕು. ಅಂಥ ಕಡತವನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಬೇಕು ಅಂತ ನನ್ನ ಆಸೆ.

ಮುಂದಿನ ಸೆಮಿಸ್ಟರ್‌ಗೆ ಹೊಸ ಕಟ್ಟಡದ ಬದಲು ಇರುವ ಒಂದು ಕಟ್ಟಡವನ್ನೇ ಕೊಡುತ್ತಿದ್ದೇನೆ. ಅದನ್ನು ಮೇಲಿನಿಂದ ಕೆಳಗೆ ಬಿಚ್ಚುತ್ತಾ ಬರುವ ಕ್ರಮವನ್ನು ಒಂದೊಂದು ಹಂತಕ್ಕೆ ಒಂದೊಂದು ಸೆಕ್ಷನ್ ಅಂತ ಬರೆದು ತೋರಿಸಬೇಕು, ಪ್ರತಿಯೊಂದರಲ್ಲೂ ಕೆಲಸದವರು ನಿಂತಿರುವ ಜಾಗ, ಒಡೆದ ಚೂರು ಇಳಿಯುವ ದಾರಿ, ಧೂಳಿಗೆ ನೀರು ಬರುವ ಪೈಪು ಎಲ್ಲ ಇರಬೇಕು. ಸ್ಟ್ರಕ್ಚರ್ ಕಲಿಸುವ ಸಹೋದ್ಯೋಗಿ ಮೊದಲ ಎರಡು ವಾರ ನಮ್ಮ ಜೊತೆ ಸ್ಟುಡಿಯೋದಲ್ಲಿ ಕೂರಲು ಒಪ್ಪಿದ್ದಾರೆ. ಕೆಡಹುವ ಕೆಲಸ ಮಾಡಿಸಿ ಅನುಭವ ಇರುವ ಮೇಸ್ತ್ರಿಯೊಬ್ಬರನ್ನು ಹುಡುಕುತ್ತಿದ್ದೇವೆ, ಜ್ಯೂರಿಗಷ್ಟೇ ಅಲ್ಲ, ಪ್ರಾಜೆಕ್ಟ್ ಶುರುವಾಗುವ ದಿನದಿಂದಲೇ.